ಕಾರ್ಯಾಚರಣ ವ್ಯವಸ್ಥೆಯ ಉನ್ನತೀಕರಣ ಮತ್ತು ತಂತ್ರಾಂಶಗಳ ಮರುಸ್ಥಾಪನೆ

ತಂತ್ರಾಂಶಗಳ ಮರುಸ್ಥಾಪನೆ ಎಂದರೆ ಗಣಕಯಂತ್ರದ ಕಾರ್ಯಾಚರಣ ವ್ಯವಸ್ಥೆಯನ್ನು ಒಂದು ಪ್ರಮುಖ ಆವೃತ್ತಿಯಿಂದ ಮತ್ತೊಂದಕ್ಕೆ ಏರಿಸಿದ ಬಳಿಕ, ಆ ವ್ಯವಸ್ಥೆಯ ತಯಾರಕರಲ್ಲದ ಅನ್ಯರು ರೂಪಿಸಿದ ತಂತ್ರಾಂಶಗಳನ್ನು ಮತ್ತೆ ಅನುಸ್ಥಾಪಿಸಿ ಮೊದಲಿನಂತೆ ಕೆಲಸ ಮಾಡುವ ಸ್ಥಿತಿಗೆ ತರುವ ಪ್ರಕ್ರಿಯೆ. ಮುದ್ರಕ, ಸ್ಕ್ಯಾನರ್ ಮೊದಲಾದ ಸಾಧನಗಳ ಚಾಲಕಗಳು, ಲೆಕ್ಕಪತ್ರದ ತಂತ್ರಾಂಶಗಳು, ಪುಟವಿನ್ಯಾಸದ ತಂತ್ರಾಂಶಗಳು, ಫಾಂಟುಗಳು ಮತ್ತು ಕೀಲಿಮಣೆ ತಂತ್ರಾಂಶಗಳು ಈ ವರ್ಗಕ್ಕೆ ಸೇರುತ್ತವೆ. ಕನ್ನಡದ ಮಟ್ಟಿಗೆ ಈ ಕೆಲಸಕ್ಕೆ ಹೆಚ್ಚಿನ ಮಹತ್ವವಿದೆ. ನುಡಿ, ಬರಹ, ಶ್ರೀಲಿಪಿ, ಆಕೃತಿ ಮುಂತಾದ ಹೊರಗಿನ ತಂತ್ರಾಂಶಗಳ ಮೂಲಕವೇ ಕನ್ನಡವು ಬಹುಕಾಲ ಗಣಕದಲ್ಲಿ ಬಳಕೆಯಾಯಿತು. ಆದ್ದರಿಂದ ಉನ್ನತೀಕರಣದಲ್ಲಿ ತಂತ್ರಾಂಶವೊಂದು ಬಿಟ್ಟುಹೋದರೆ ಬರೆಯುವ ಸೌಲಭ್ಯದ ಜೊತೆಗೆ ಹಿಂದೆ ಬರೆದಿಟ್ಟದ್ದನ್ನು ಓದುವ ಸೌಲಭ್ಯವೂ ತಪ್ಪಿಹೋಗುತ್ತದೆ.

ಮರುಸ್ಥಾಪನೆ ಬೇಕಾಗುವ ಕಾರಣಗಳು

ಉನ್ನತೀಕರಣದಲ್ಲಿ ಎರಡು ಬಗೆಗಳಿವೆ. ಇದ್ದ ವ್ಯವಸ್ಥೆಯ ಮೇಲೆಯೇ ಹೊಸದನ್ನು ಹೂಡುವ ಬಗೆಯಲ್ಲಿ ಬಳಕೆದಾರರ ಕಡತಗಳೂ ಬಹುತೇಕ ತಂತ್ರಾಂಶಗಳೂ ಉಳಿಯುತ್ತವೆ. ತಟ್ಟೆಯನ್ನು ಬರಿದು ಮಾಡಿ ಹೊಸದಾಗಿ ಹೂಡುವ ಬಗೆಯಲ್ಲಿ ತಂತ್ರಾಂಶಗಳೆಲ್ಲವೂ ಹೋಗುತ್ತವೆ. ವಿಂಡೋಸ್ 7ರಿಂದ ವಿಂಡೋಸ್ 10ಕ್ಕೆ ಮೊದಲನೆಯ ಬಗೆಯಲ್ಲಿ ಸಾಗಬಹುದಿತ್ತು. ಅದಕ್ಕೆ ಹಿಂದಿನ ಘಟ್ಟದಲ್ಲಿ, ಅಂದರೆ ವಿಂಡೋಸ್ ಎಕ್ಸ್‌ಪಿಯಿಂದ ವಿಂಡೋಸ್ 7ಕ್ಕೆ ಬರುವಾಗ, ಆ ದಾರಿ ಇರಲಿಲ್ಲ. ಮೈಕ್ರೋಸಾಫ್ಟ್ ಒದಗಿಸಿದ ವರ್ಗಾವಣೆ ಸಾಧನವು ಕಡತಗಳನ್ನೂ ಹೊಂದಿಕೆಗಳನ್ನೂ ಸಾಗಿಸುತ್ತಿತ್ತೇ ಹೊರತು ತಂತ್ರಾಂಶಗಳನ್ನಲ್ಲ. ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು ಬೆಂಬಲ ನಿಂತಾಗ, ಅಲ್ಲಿಯವರೆಗೆ ಅದನ್ನೇ ನೆಚ್ಚಿಕೊಂಡಿದ್ದ ಕಚೇರಿಗಳೂ ಮುದ್ರಣಾಲಯಗಳೂ ಒಮ್ಮೆಗೇ ಈ ಸಮಸ್ಯೆಯನ್ನು ಎದುರಿಸಬೇಕಾಯಿತು. ವಿಂಡೋಸ್ 7ರ ಬೆಂಬಲ 2020ರ ಜನವರಿ 14ರಂದು, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದವು.

ತಂತ್ರಾಂಶವನ್ನು ಮತ್ತೆ ಹೂಡಿದರೂ ಅದು ನಡೆಯುವುದೆಂಬ ಖಾತರಿಯಿಲ್ಲ. 64 ಬಿಟ್ ವಿಂಡೋಸ್ 16 ಬಿಟ್ ತಂತ್ರಾಂಶಗಳನ್ನು ನಡೆಸುವುದಿಲ್ಲ. ಡಾಸ್ ಕಾಲದ ಮತ್ತು ವಿಂಡೋಸ್ 3.1ರ ಕಾಲದ ತಂತ್ರಾಂಶಗಳೆಲ್ಲ ಇದರಲ್ಲಿ ಬಂದವು. ವಿಂಡೋಸ್ 10ರ 32 ಬಿಟ್ ಆವೃತ್ತಿಯಲ್ಲಿ ಇವುಗಳಿಗೆ ಐಚ್ಛಿಕ ಆಸರೆಯಿತ್ತು. ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೇ ಇಲ್ಲದ್ದರಿಂದ ಆ ಬಾಗಿಲೂ ಮುಚ್ಚಿತು. ಸಾಧನಗಳ ಚಾಲಕಗಳ ವಿಷಯದಲ್ಲಿ ನಿಯಮ ಇನ್ನೂ ಬಿಗಿ. 64 ಬಿಟ್ ವಿಸ್ಟಾದಿಂದ ಮುಂದಕ್ಕೆ ವ್ಯವಸ್ಥೆಯ ತಿರುಳಿನಲ್ಲಿ ಕೆಲಸ ಮಾಡುವ ಚಾಲಕಗಳಿಗೆ ಡಿಜಿಟಲ್ ಸಹಿ ಕಡ್ಡಾಯವಾಯಿತು. ತಯಾರಕರು ಹೊಸ ಚಾಲಕವನ್ನು ಬಿಡುಗಡೆ ಮಾಡದಿದ್ದರೆ ಸುಸ್ಥಿತಿಯಲ್ಲಿರುವ ಸ್ಕ್ಯಾನರ್ ಕೂಡ ನಿರುಪಯುಕ್ತವಾಗುತ್ತದೆ.

ಕನ್ನಡದ ವಿಶೇಷ ಸಂದರ್ಭ

ಯುನಿಕೋಡ್ ತನ್ನ ಮೊದಲ ಆವೃತ್ತಿಯಲ್ಲಿಯೇ, 1991ರಲ್ಲಿ, ಕನ್ನಡಕ್ಕೆ ಸ್ಥಾನ ನೀಡಿತ್ತು. ವಿಂಡೋಸ್ ವ್ಯವಸ್ಥೆಯೇ ಕನ್ನಡವನ್ನು ತೋರಿಸಬಲ್ಲದ್ದಾದುದು 2001ರ ಎಕ್ಸ್‌ಪಿಯಲ್ಲಿ, ತುಂಗಾ ಫಾಂಟಿನೊಡನೆ. ಅದಕ್ಕೂ ನಿಯಂತ್ರಣ ಫಲಕದಲ್ಲಿ ಭಾರತೀಯ ಲಿಪಿಗಳ ಬೆಂಬಲವನ್ನು ಪ್ರತ್ಯೇಕವಾಗಿ ಆರಿಸಿಕೊಳ್ಳಬೇಕಿತ್ತು. ಈ ಹತ್ತು ವರ್ಷಗಳ ಅಂತರದಲ್ಲಿ ಕನ್ನಡದ ಕೆಲಸ ನಿಲ್ಲಲಿಲ್ಲ. ಕೆ. ಪಿ. ರಾವ್ ಅವರ ‘ಸೇಡಿಯಾಪು’, ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ‘ಬರಹ’, ಕನ್ನಡ ಗಣಕ ಪರಿಷತ್ತು ಕರ್ನಾಟಕ ಸರ್ಕಾರಕ್ಕಾಗಿ ಸಿದ್ಧಪಡಿಸಿದ ‘ನುಡಿ’ ಹಾಗೂ ಹಲವು ವಾಣಿಜ್ಯ ತಂತ್ರಾಂಶಗಳು ರೋಮನ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಮೇಲೆಯೇ ಕನ್ನಡದ ಅಕ್ಷರಭಾಗಗಳನ್ನು ಕೂರಿಸಿ ಕೆಲಸ ನಡೆಸಿದವು.

ಈ ಪದ್ಧತಿಯಲ್ಲಿ ಕಡತದೊಳಗೆ ಕನ್ನಡವೆಂಬುದು ಇರುವುದಿಲ್ಲ. ನುಡಿಯಲ್ಲಿ ‘ಕನ್ನಡ’ ಎಂಬ ಮೂರಕ್ಷರದ ಪದವು ಏಳು ಸಂಕೇತಗಳಾಗಿ ಕುಳಿತಿರುತ್ತದೆ: ತಲೆಕಟ್ಟಿಲ್ಲದ ಕ, ತಲೆಕಟ್ಟು, ತಲೆಕಟ್ಟಿಲ್ಲದ ನ, ತಲೆಕಟ್ಟು, ನಕಾರದ ಒತ್ತು, ತಲೆಕಟ್ಟಿಲ್ಲದ ಡ, ತಲೆಕಟ್ಟು. ನುಡಿಯ ಫಾಂಟ್ ಇಲ್ಲದ ಯಂತ್ರದಲ್ಲಿ ಇದೇ ಕಡತವನ್ನು ತೆರೆದರೆ ರೋಮನ್ ಲಿಪಿಯ ಪಿ, ತಲೆಯ ಮೇಲೆ ಓರೆಗೆರೆಯಿರುವ ಎ, ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತೆ ಎ, ಜರ್ಮನ್ ಭಾಷೆಯ ಜೋಡಿ ಎಸ್, ಕ್ಯೂ, ಮತ್ತೊಮ್ಮೆ ಎ ಸಾಲಾಗಿ ಕಾಣುತ್ತವೆ. ಉನ್ನತೀಕರಣದ ಮರುದಿನ ಕಚೇರಿಗಳಲ್ಲಿ ‘ಫೈಲ್ ಕೆಟ್ಟಿದೆ’, ‘ವೈರಸ್ ಬಂದಿದೆ’ ಎಂಬ ದೂರು ಏಳುವುದು ಬಹುಮಟ್ಟಿಗೆ ಇದರಿಂದಲೇ. ಕಡತಕ್ಕೆ ಏನೂ ಆಗಿರುವುದಿಲ್ಲ. ಫಾಂಟ್ ಹೂಡಿದೊಡನೆ ಅಕ್ಷರಗಳು ಮರಳುತ್ತವೆ. ಅಪಾಯವಿರುವುದು ಬೇರೆ ಕಡೆ. ಕೆಟ್ಟಿದೆಯೆಂದು ಭಾವಿಸಿ ಕಡತವನ್ನು ಅಳಿಸುವುದರಿಂದ ಪಠ್ಯವೇ ಹೋಗುತ್ತದೆ. ಇಡೀ ಪಠ್ಯಕ್ಕೆ ಬೇರೊಂದು ಫಾಂಟನ್ನು ಹಚ್ಚಿ ಉಳಿಸಿದರೆ ಯಾವ ಭಾಗ ಯಾವ ಫಾಂಟಿನಲ್ಲಿತ್ತೆಂಬ ಏಕೈಕ ಸುಳಿವು ಅಳಿಸಿಹೋಗುತ್ತದೆ.

ಬರಹ ಮತ್ತು ನುಡಿ ಕನ್ನಡಕ್ಕೆ ಒಂದೇ ಸಂಕೇತ ವಿನ್ಯಾಸವನ್ನು ಅನುಸರಿಸಿದ್ದರಿಂದ ಒಂದರ ಪಠ್ಯವನ್ನು ಇನ್ನೊಂದರ ಫಾಂಟಿನಲ್ಲಿ ಓದಬಹುದು. ಶ್ರೀಲಿಪಿ, ಆಕೃತಿಗಳ ವಿನ್ಯಾಸಗಳು ಬೇರೆ. ಆದ್ದರಿಂದ ‘ಯಾವುದಾದರೊಂದು ಕನ್ನಡ ಫಾಂಟ್’ ಸಾಲುವುದಿಲ್ಲ. ಕಡತ ಯಾವ ತಂತ್ರಾಂಶದ್ದೋ ಅದರ ಫಾಂಟೇ ಬೇಕು.

ಮೇಲುಕೋಟೆಯ ನಿದರ್ಶನ

ಭಾರತೀಯ ಭಾಷೆಗಳ ಗಣಕ ಕಾರ್ಯದಲ್ಲಿ ತಂತ್ರಾಂಶದ ಆಯಸ್ಸು ಬೇರೆ, ಪಠ್ಯದ ಆಯಸ್ಸು ಬೇರೆ ಎಂಬುದನ್ನು ಮಂಡ್ಯ ಜಿಲ್ಲೆಯ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ನಡೆದ ಕೆಲಸವೊಂದರ ಮೂಲಕ ಗುರುತಿಸಬಹುದು. ಎಂ. ಎ. ಲಕ್ಷ್ಮೀತಾತಾಚಾರ್ ಅವರ ನೇತೃತ್ವದಲ್ಲಿ ಬೆಳೆದ ಅಲ್ಲಿನ ಸಂಸ್ಕೃತ ಸಂಶೋಧನ ಸಂಸತ್ತು, ತಾಳೆಗರಿ ಗ್ರಂಥಗಳ ಸಂಗ್ರಹ ಮತ್ತು ಸಂಪಾದನೆಯ ಜೊತೆಗೆ, ಸಂಸ್ಕೃತ ವ್ಯಾಕರಣವನ್ನು ಗಣಕಕ್ಕೆ ಅಳವಡಿಸುವ ಪ್ರಯತ್ನವನ್ನು ದೇಶದಲ್ಲಿ ಮೊದಮೊದಲಿಗೆ ಕೈಗೊಂಡ ಸಂಸ್ಥೆಗಳಲ್ಲಿ ಒಂದು. ಅದು ರೂಪಿಸಿದ ‘ಶಾಬ್ದಬೋಧ’ ಸಂಸ್ಕೃತ ವಾಕ್ಯಗಳ ಪದಾನ್ವಯವನ್ನೂ ಅರ್ಥಸಂಬಂಧವನ್ನೂ ವಿಶ್ಲೇಷಿಸುವ ತಂತ್ರಾಂಶ. ನ್ಯಾಯ, ಮೀಮಾಂಸೆ, ವ್ಯಾಕರಣ ಶಾಸ್ತ್ರಗಳಲ್ಲಿ ವಾಕ್ಯದಿಂದ ಅರ್ಥ ತಿಳಿಯುವ ಬಗೆಗೆ ಇರುವ ಪಾರಿಭಾಷಿಕ ಪದವೇ ಅದರ ಹೆಸರು. ಎಂ.ಎಸ್.-ಡಾಸ್ ಮೇಲೆ, ಜಿಸ್ಟ್ ಷೆಲ್ಲಿನ ನೆರವಿನಿಂದ ಅದು ನಡೆಯುತ್ತಿತ್ತು.

ಜಿಸ್ಟ್ ತಂತ್ರಜ್ಞಾನ ಐಐಟಿ ಕಾನ್ಪುರದಲ್ಲಿ ಮೊಳೆತು ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆಯಿತು. ಅದರ ಆಧಾರ ಇಸ್ಕಿ ಎಂಬ ಸಂಕೇತ ವ್ಯವಸ್ಥೆ. ಭಾರತೀಯ ಮಾನಕ ಬ್ಯೂರೋ 1991ರಲ್ಲಿ ಐಎಸ್ 13194 ಎಂಬ ಸಂಖ್ಯೆಯಡಿ ಅದನ್ನು ಶಿಷ್ಟತೆಯಾಗಿ ಪ್ರಕಟಿಸಿತು. ಇಸ್ಕಿಯಲ್ಲಿ ಅಕ್ಷರಭಾಗಗಳಿಗೆ ಬದಲಾಗಿ ಅಕ್ಷರಗಳಿಗೇ ಸಂಕೇತವಿದೆ. ನಾಗರಿಯ ಕಕಾರಕ್ಕೂ ಕನ್ನಡದ ಕಕಾರಕ್ಕೂ ಸಂಕೇತ ಒಂದೇ ಆದ್ದರಿಂದ ಒಂದೇ ಸಂಸ್ಕೃತ ಪಠ್ಯವನ್ನು ಎರಡು ಲಿಪಿಗಳಲ್ಲಿಯೂ ತೋರಿಸಬಹುದಿತ್ತು. ಸಂಸ್ಕೃತವನ್ನು ಎರಡೂ ಲಿಪಿಗಳಲ್ಲಿ ಓದುವ ಕರ್ನಾಟಕದ ವಿದ್ವಾಂಸರಿಗೆ ಇದು ಸಣ್ಣ ಅನುಕೂಲವಲ್ಲ.

ಡಾಸ್ ಆಧಾರಿತ ಇಂಥ ತಂತ್ರಾಂಶಗಳು ಇಂದಿನ 64 ಬಿಟ್ ವಿಂಡೋಸಿನಲ್ಲಿ ನೇರವಾಗಿ ನಡೆಯುವುದಿಲ್ಲ. ಅವನ್ನು ಎಷ್ಟು ಬಾರಿ ಮತ್ತೆ ಹೂಡಿದರೂ ಪ್ರಯೋಜನವಿಲ್ಲ. ಆದರೆ ಇಸ್ಕಿಯಲ್ಲಿರುವ ಪಠ್ಯದ ಕಥೆ ಬೇರೆ. ಯುನಿಕೋಡಿನ ಭಾರತೀಯ ಲಿಪಿಗಳ ವಿಭಾಗಗಳು ಇಸ್ಕಿಯ 1988ರ ಆವೃತ್ತಿಯ ಅನುಕ್ರಮವನ್ನೇ ಆಧರಿಸಿವೆ. ಹೀಗಾಗಿ ಇಸ್ಕಿ ಪಠ್ಯವನ್ನು, ಅದನ್ನು ಹುಟ್ಟಿಸಿದ ತಂತ್ರಾಂಶದ ಹಂಗಿಲ್ಲದೆ, ಬಹುಮಟ್ಟಿಗೆ ಅಕ್ಷರಕ್ಕೆ ಅಕ್ಷರವೆಂಬಂತೆ ಯುನಿಕೋಡಿಗೆ ತರಬಹುದು. ಅದಕ್ಕಿಂತ ಹೊಸದಾದ, 2000ದ ಆಸುಪಾಸಿನ ಫಾಂಟ್ ಆಧಾರಿತ ಕಡತಗಳಿಗೆ ಈ ಸೌಭಾಗ್ಯವಿಲ್ಲ. ಹಳೆಯದೇ ಸುಲಭ, ಹೊಸದೇ ಕಷ್ಟ ಎಂಬ ಈ ವೈಚಿತ್ರ್ಯ ಭಾರತೀಯ ಭಾಷೆಗಳ ಗಣಕ ಇತಿಹಾಸದಲ್ಲಿ ಅಪರೂಪವೇನಲ್ಲ.

ವೇದಪಾಠಗಳಿಗೆ ಮತ್ತೊಂದು ತೊಡಕಿದೆ. ಉದಾತ್ತ, ಅನುದಾತ್ತ, ಸ್ವರಿತಗಳ ಚಿಹ್ನೆಗಳು ಎಲ್ಲ ಫಾಂಟುಗಳಲ್ಲಿಯೂ ಇರುವುದಿಲ್ಲ. ಯುನಿಕೋಡ್ ವೈದಿಕ ಚಿಹ್ನೆಗಳ ಪ್ರತ್ಯೇಕ ವಿಭಾಗವನ್ನು ಸೇರಿಸಿದ್ದು 2009ರ 5.2 ಆವೃತ್ತಿಯಲ್ಲಿ. ಬರಹದಲ್ಲಿ ಸ್ವರಸಹಿತ ಪಠ್ಯಕ್ಕಾಗಿ ‘ಎಕ್ಸ್‌ಟ್ರಾ’ ಎಂಬ ಹೆಸರಿನ ಬೇರೆ ಫಾಂಟುಗಳಿವೆ. ಮರುಸ್ಥಾಪನೆಯಲ್ಲಿ ಸಾಮಾನ್ಯ ಫಾಂಟನ್ನು ಮಾತ್ರ ಹೂಡಿದರೆ ಅಕ್ಷರಗಳು ಸರಿಯಾಗಿದ್ದು ಸ್ವರಗಳು ಮಾತ್ರ ತಪ್ಪುತ್ತವೆ. ಕಣ್ಣಿಗೆ ತಟ್ಟನೆ ಬೀಳದ ದೋಷವಾದ್ದರಿಂದ ಇದು ಹೆಚ್ಚು ಅಪಾಯಕಾರಿ.

ಉನ್ನತೀಕರಣಕ್ಕೆ ಮುನ್ನ

ಮರುಸ್ಥಾಪನೆಯ ಯಶಸ್ಸು ಬಹುಪಾಲು ಉನ್ನತೀಕರಣಕ್ಕೆ ಮುಂಚಿನ ಸಿದ್ಧತೆಯನ್ನು ಅವಲಂಬಿಸಿದೆ. ಹೂಡಿರುವ ತಂತ್ರಾಂಶಗಳ ಹೆಸರು, ಆವೃತ್ತಿ ಸಂಖ್ಯೆ ಮತ್ತು ಪರವಾನಗಿ ಸಂಖ್ಯೆಗಳನ್ನು ಕಾಗದದ ಮೇಲೆ ಬರೆದಿಡುವುದು ಮೊದಲ ಹೆಜ್ಜೆ. ಪಟ್ಟಿಯನ್ನು ಅದೇ ಯಂತ್ರದಲ್ಲಿ ಉಳಿಸಿದರೆ ಬೇಕಾದ ಹೊತ್ತಿಗೆ ಅದು ಸಿಗದೆಹೋಗಬಹುದು. ಕೆಲವು ತಂತ್ರಾಂಶಗಳು ಇಂತಿಷ್ಟೇ ಯಂತ್ರಗಳಲ್ಲಿ ಸಕ್ರಿಯವಾಗಲು ಅನುಮತಿ ನೀಡುತ್ತವೆ. ಅಂಥವನ್ನು ಹಳೆಯ ವ್ಯವಸ್ಥೆಯಲ್ಲಿರುವಾಗಲೇ ನಿಷ್ಕ್ರಿಯಗೊಳಿಸದಿದ್ದರೆ ಹೊಸ ವ್ಯವಸ್ಥೆ ಮತ್ತೊಂದು ಯಂತ್ರವೆಂದೇ ಎಣಿಕೆಯಾಗುತ್ತದೆ.

ಅನುಸ್ಥಾಪನ ಕಡತಗಳನ್ನು ಪೂರ್ಣರೂಪದಲ್ಲಿ ಸಂಗ್ರಹಿಸಬೇಕು. ಅಂತರಜಾಲದಿಂದ ಉಳಿದ ಭಾಗವನ್ನು ಇಳಿಸಿಕೊಳ್ಳುವ ಪುಟ್ಟ ಕಡತಗಳನ್ನು ನೆಚ್ಚುವಂತಿಲ್ಲ. ವಿಂಡೋಸಿಗಾಗಿ ಗೂಗಲ್ ನೀಡುತ್ತಿದ್ದ ಇನ್‌ಪುಟ್ ಟೂಲ್ಸ್ ತಂತ್ರಾಂಶವನ್ನು ಹಿಂತೆಗೆದುಕೊಂಡ ಮೇಲೆ, ಬಳಕೆದಾರರು ಅದನ್ನು ಹೊಸ ಯಂತ್ರಕ್ಕೆ ಅಧಿಕೃತ ಮೂಲದಿಂದ ತರಿಸಿಕೊಳ್ಳಲು ಆಗಲಿಲ್ಲ. ಫಾಂಟುಗಳನ್ನು ವಿಂಡೋಸಿನ ಫಾಂಟ್ಸ್ ಕಡತಕೋಶದಿಂದ ಪ್ರತ್ಯೇಕವಾಗಿ ನಕಲು ಮಾಡಿಡಬೇಕು. ಬಳಕೆದಾರರು ತಾವೇ ಸೇರಿಸಿದ ಪದಕೋಶ, ಕಾಗುಣಿತ ಪರೀಕ್ಷೆಯ ಪದಪಟ್ಟಿ, ಪುಟವಿನ್ಯಾಸದ ಮಾದರಿಗಳು ‘ಡಾಕ್ಯುಮೆಂಟ್ಸ್’ ಕೋಶದಲ್ಲಿ ಇರದೆ ತಂತ್ರಾಂಶದ ಸ್ವಂತ ಕೋಶದಲ್ಲಿ ಅಡಗಿರುವುದುಂಟು. ವರ್ಷಗಟ್ಟಲೆ ಕೂಡಿಸಿದ ಪದಪಟ್ಟಿಗಳು ಕಳೆದುಹೋಗುವುದು ಸಾಮಾನ್ಯವಾಗಿ ಈ ದಾರಿಯಲ್ಲಿಯೇ.

ಉನ್ನತೀಕರಣದ ಬಳಿಕ ವಿಂಡೋಸ್ ಹಳೆಯ ವ್ಯವಸ್ಥೆಯನ್ನು ‘ವಿಂಡೋಸ್ ಓಲ್ಡ್’ ಎಂಬ ಕೋಶದಲ್ಲಿ ಇಟ್ಟಿರುತ್ತದೆ. ವಿಂಡೋಸ್ 10ರ ಮೊದಲ ಆವೃತ್ತಿಗಳಲ್ಲಿ ಹಿಂದಿರುಗಲು 30 ದಿನಗಳ ಅವಕಾಶವಿತ್ತು; 2016ರಿಂದ ಅದು 10 ದಿನಗಳಿಗೆ ಇಳಿಯಿತು. ಮರೆತ ಕಡತವನ್ನು ಈ ಅವಧಿಯೊಳಗೆ ಹೊರತೆಗೆಯಬಹುದು. ಆದರೆ ಅದು ಸುರಕ್ಷಾ ಪ್ರತಿಗೆ ಬದಲಿಯಲ್ಲ.

ಮರುಸ್ಥಾಪನೆಯ ಕ್ರಮ

ಮೊದಲು ವ್ಯವಸ್ಥೆಯ ನವೀಕರಣಗಳನ್ನು ಪೂರ್ಣಗೊಳಿಸಿ, ನಂತರ ಯಂತ್ರಾಂಶದ ಚಾಲಕಗಳನ್ನು, ಆಮೇಲೆ ಫಾಂಟು ಹಾಗೂ ಕೀಲಿಮಣೆ ತಂತ್ರಾಂಶಗಳನ್ನು, ಕೊನೆಗೆ ಅವುಗಳನ್ನು ಅವಲಂಬಿಸಿದ ಪುಟವಿನ್ಯಾಸ ಮತ್ತು ಲೆಕ್ಕಪತ್ರ ತಂತ್ರಾಂಶಗಳನ್ನು ಹೂಡುವುದು ರೂಢಿ. ಪುಟವಿನ್ಯಾಸದ ಕಡತವನ್ನು ಫಾಂಟ್ ಹೂಡುವ ಮೊದಲೇ ತೆರೆದರೆ ತಂತ್ರಾಂಶ ತನಗೆ ತೋಚಿದ ಬದಲಿ ಫಾಂಟನ್ನು ಹಾಕಿಕೊಳ್ಳುತ್ತದೆ. ಹಾಗೆಯೇ ಉಳಿಸಿದರೆ ಪುಟಗಳ ಅಳತೆಯೆಲ್ಲ ಏರುಪೇರಾಗುತ್ತದೆ.

ಫಾಂಟ್ ಹೂಡುವಾಗ ಗಮನಿಸಬೇಕಾದ ಎರಡು ಸಂಗತಿಗಳಿವೆ. ವಿಂಡೋಸ್ 10ರ 2018ರ ಅಂತ್ಯದ ಆವೃತ್ತಿಯಿಂದ, ಫಾಂಟ್ ಕಡತದ ಮೇಲೆ ಬಲಗುಂಡಿ ಒತ್ತಿ ಹೂಡಿದರೆ ಅದು ಆ ಬಳಕೆದಾರರಿಗೆ ಮಾತ್ರ ಲಭ್ಯವಾಗುತ್ತದೆ. ಹಳೆಯ ತಂತ್ರಾಂಶಗಳಿಗೆ ಅದು ಕಾಣದೆಹೋಗಬಹುದಾದ್ದರಿಂದ ಎಲ್ಲ ಬಳಕೆದಾರರಿಗೂ ಹೂಡುವ ಆಯ್ಕೆಯನ್ನೇ ಬಳಸುವುದು ಲೇಸು. ಇನ್ನೊಂದು ತುಂಗಾ ಫಾಂಟಿನ ವಿಷಯ. ವಿಂಡೋಸ್ 8ರಿಂದ ನಿರ್ಮಲಾ ಯುಐ ಎಂಬ ಫಾಂಟ್ ಕನ್ನಡವೂ ಸೇರಿ ಹಲವು ಭಾರತೀಯ ಲಿಪಿಗಳನ್ನು ಒಳಗೊಂಡಿತು. ವಿಂಡೋಸ್ 10ರಲ್ಲಿ ತುಂಗಾ ‘ಕನ್ನಡ ಪೂರಕ ಫಾಂಟುಗಳು’ ಎಂಬ ಐಚ್ಛಿಕ ಭಾಗಕ್ಕೆ ಸರಿಯಿತು. ತುಂಗಾದಲ್ಲಿ ಸಿದ್ಧಪಡಿಸಿದ ದಾಖಲೆಗಳಲ್ಲಿ ಉನ್ನತೀಕರಣದ ಬಳಿಕ ಸಾಲುಗಳು ಸರಿದಿದ್ದರೆ ಈ ಭಾಗವನ್ನು ಸೆಟ್ಟಿಂಗ್ಸ್‌ನಿಂದ ಸೇರಿಸಿಕೊಳ್ಳಬೇಕು. ಯುನಿಕೋಡ್ ಪಠ್ಯವಾದ್ದರಿಂದ ಇಲ್ಲಿ ಕೆಡುವುದು ಅಂದ ಮಾತ್ರ, ಅಕ್ಷರಗಳಿಗೆ ಧಕ್ಕೆಯಿಲ್ಲ.

ಕೀಲಿಮಣೆಯ ವಿಷಯದಲ್ಲಿ, ವಿಂಡೋಸಿನೊಡನೆಯೇ ಬರುವ ಕನ್ನಡ ಕೀಲಿಮಣೆ ಇನ್‌ಸ್ಕ್ರಿಪ್ಟ್ ವಿನ್ಯಾಸದ್ದು. 2019ರ ಮೇ ತಿಂಗಳ ಆವೃತ್ತಿಯಲ್ಲಿ ಧ್ವನ್ಯಾತ್ಮಕ ಕೀಲಿಮಣೆಯೂ ಸೇರಿತು. ಕೆ. ಪಿ. ರಾವ್ ವಿನ್ಯಾಸವನ್ನು ಆಧರಿಸಿದ ಸರ್ಕಾರಿ ಶಿಷ್ಟತೆಯ ಕೀಲಿಮಣೆಗೆ ಒಗ್ಗಿದವರು ನುಡಿ ಅಥವಾ ಬರಹವನ್ನು ಮತ್ತೆ ಹೂಡಲೇಬೇಕು. ಹೂಡಿದ ಮೇಲೆ ಕೆಲವು ತಂತ್ರಾಂಶಗಳಲ್ಲಿ ಕನ್ನಡ ಮೂಡಿ ಇನ್ನು ಕೆಲವುಗಳಲ್ಲಿ ಮೂಡದಿದ್ದರೆ ಕಾರಣ ಹೆಚ್ಚಾಗಿ ಅನುಮತಿಯ ಮಟ್ಟದ ವ್ಯತ್ಯಾಸ. ವಿಸ್ಟಾದಿಂದ ಈಚೆಗೆ, ಕಡಿಮೆ ಅನುಮತಿಯಲ್ಲಿ ನಡೆಯುವ ತಂತ್ರಾಂಶವು ನಿರ್ವಾಹಕರ ಮಟ್ಟದಲ್ಲಿ ನಡೆಯುತ್ತಿರುವ ತಂತ್ರಾಂಶಕ್ಕೆ ಕೀಲಿಯೊತ್ತುಗಳನ್ನು ಕಳುಹಿಸುವಂತಿಲ್ಲ. ಕೀಲಿಮಣೆ ತಂತ್ರಾಂಶವನ್ನೂ ನಿರ್ವಾಹಕರ ಮಟ್ಟದಲ್ಲಿ ಪ್ರಾರಂಭಿಸಿದರೆ ತೊಂದರೆ ನೀಗುತ್ತದೆ. ಹಳೆಯ ತಂತ್ರಾಂಶಗಳಿಗೆ ಬೇಕಾದ ಡಾಟ್‌ನೆಟ್ 3.5 ವಿಂಡೋಸ್ 10ರಲ್ಲಿ ತಾನಾಗಿ ಸಕ್ರಿಯವಾಗಿರುವುದಿಲ್ಲ ಎಂಬುದೂ ಹಲವರನ್ನು ಕಾಡಿದ ಸಂಗತಿ.

ಮುದ್ರಣ ಕ್ಷೇತ್ರ

ಕನ್ನಡದ ಡಿಟಿಪಿ ಕೇಂದ್ರಗಳು ಬಹುಕಾಲ ಅಡೋಬಿ ಪೇಜ್‌ಮೇಕರ್ ತಂತ್ರಾಂಶವನ್ನೇ ನೆಚ್ಚಿಕೊಂಡಿದ್ದವು. ಅದರ ಕೊನೆಯ ಪ್ರಮುಖ ಆವೃತ್ತಿ 7.0 ಹೊರಬಂದದ್ದು 2001ರಲ್ಲಿ. ಅದಕ್ಕೆ ಯುನಿಕೋಡ್ ತಿಳಿಯದು. ಅದರ ಉತ್ತರಾಧಿಕಾರಿಯಾದ ಇನ್‌ಡಿಸೈನ್ ಸಿಎಸ್6ರವರೆಗೆ ಪೇಜ್‌ಮೇಕರ್ ಕಡತಗಳನ್ನು ತೆರೆಯುತ್ತಿತ್ತು. ಆಮೇಲಿನ ಆವೃತ್ತಿಗಳು ತೆರೆಯುವುದಿಲ್ಲ. ಆದ್ದರಿಂದ ಹಳೆಯ ಪುಸ್ತಕಗಳ ಮರುಮುದ್ರಣಕ್ಕೆ ಒಂದು ಹಳೆಯ ಯಂತ್ರವನ್ನು ಉಳಿಸಿಕೊಳ್ಳುವುದು ಅಥವಾ ಸಿಎಸ್6ರ ಮೂಲಕ ಹಾಯಿಸಿ ತರುವುದು ಅನಿವಾರ್ಯ. ಟೈಪ್ 1 ರೂಪದ ಫಾಂಟುಗಳ ಬಳಕೆಗೆ ಅಡೋಬಿ 2023ರ ಜನವರಿಯಲ್ಲಿ ಬೆಂಬಲ ನಿಲ್ಲಿಸಿತು.

ವಾಣಿಜ್ಯ ಭಾರತೀಯ ಭಾಷಾ ತಂತ್ರಾಂಶಗಳಲ್ಲಿ ಹಲವು ಡಾಂಗಲ್ ಎಂಬ ಯಂತ್ರಾಂಶ ಬೀಗದೊಡನೆ ಬರುತ್ತಿದ್ದವು. ಹಳೆಯವು ಮುದ್ರಕದ ಸಮಾಂತರ ಕಿಂಡಿಗೆ, ಹೊಸವು ಯುಎಸ್‌ಬಿಗೆ ಸಿಕ್ಕಿಸುವಂಥವು. ಹೊಸ ವ್ಯವಸ್ಥೆಯಲ್ಲಿ ಡಾಂಗಲಿನ ಚಾಲಕವನ್ನು ಮೊದಲು ಹೂಡದಿದ್ದರೆ ಹಣ ಕೊಟ್ಟು ಕೊಂಡ ತಂತ್ರಾಂಶವೂ ‘ಪ್ರಾಯೋಗಿಕ ಪ್ರತಿ’ ಎಂದು ಹಟ ಹಿಡಿಯುತ್ತದೆ. ಈಗಿನ ಯಂತ್ರಗಳಲ್ಲಿ ಸಮಾಂತರ ಕಿಂಡಿ ಸಾಮಾನ್ಯವಾಗಿ ಇರುವುದಿಲ್ಲ.

ಹಳೆಯ ತಂತ್ರಾಂಶ ನಡೆಯದಿದ್ದಾಗ

ವಿಂಡೋಸಿನ ಹೊಂದಾಣಿಕೆ ವಿಧಾನವು ತಂತ್ರಾಂಶಕ್ಕೆ ತಾನು ಹಳೆಯ ಆವೃತ್ತಿಯಲ್ಲಿದ್ದೇನೆಂಬ ಭಾವನೆ ಹುಟ್ಟಿಸುತ್ತದೆ. 32 ಬಿಟ್ ತಂತ್ರಾಂಶಗಳಿಗೆ ಇದು ಅನೇಕ ವೇಳೆ ಸಾಕಾಗುತ್ತದೆ. ಡಾಸ್ ತಂತ್ರಾಂಶಗಳಿಗೆ ಡಾಸ್‌ಬಾಕ್ಸ್ ಎಂಬ ಮುಕ್ತ ಅನುಕರಣ ತಂತ್ರಾಂಶವಿದೆ. ಆದರೆ ಜಿಸ್ಟ್ ಕಾರ್ಡಿನಂಥ ಯಂತ್ರಾಂಶವನ್ನೇ ಅವಲಂಬಿಸಿದ ಪ್ರತಿಗಳಿಗೆ ಇದು ಸಾಲದು. ವರ್ಚುವಲ್‌ಬಾಕ್ಸ್ ಮುಂತಾದವುಗಳಲ್ಲಿ ಕಲ್ಪಿತ ಯಂತ್ರವೊಂದನ್ನು ಸೃಷ್ಟಿಸಿ, ಪರವಾನಗಿಯುಳ್ಳ ಹಳೆಯ ವಿಂಡೋಸನ್ನು ಅದರೊಳಗೆ ಹೂಡುವುದು ಮತ್ತೊಂದು ಮಾರ್ಗ. ಬೆಂಬಲ ನಿಂತ ವ್ಯವಸ್ಥೆಯಾದ್ದರಿಂದ ಆ ಕಲ್ಪಿತ ಯಂತ್ರಕ್ಕೆ ಅಂತರಜಾಲದ ಸಂಪರ್ಕ ಕೊಡಬಾರದು.

ಲಿನಕ್ಸ್ ಮತ್ತು ಮ್ಯಾಕ್

ಉಬುಂಟು ವ್ಯವಸ್ಥೆಯು ಹೊಸ ಆವೃತ್ತಿಗೆ ಏರುವಾಗ ಹೊರಗಿನ ತಂತ್ರಾಂಶ ಭಂಡಾರಗಳನ್ನು ನಿಷ್ಕ್ರಿಯಗೊಳಿಸುತ್ತದೆ. ಹೂಡಿದ ತಂತ್ರಾಂಶ ಉಳಿದರೂ ಅದಕ್ಕೆ ನವೀಕರಣಗಳು ನಿಂತುಹೋಗುತ್ತವೆ. ಹೊಸ ಆವೃತ್ತಿಗೆ ಹೊಂದುವ ಭಂಡಾರವಿದೆಯೇ ಎಂದು ನೋಡಿ ಒಂದೊಂದನ್ನಾಗಿ ಮತ್ತೆ ಸಕ್ರಿಯಗೊಳಿಸಬೇಕು. ಗುಬ್ಬಿ, ನವಿಲು ಫಾಂಟುಗಳೂ, ಐಬಸ್ ಮತ್ತು ಎಂ17ಎನ್ ಮೂಲಕ ದೊರೆಯುವ ಸರ್ಕಾರಿ ಶಿಷ್ಟತೆಯ ಕನ್ನಡ ಕೀಲಿಮಣೆಯೂ ಅಧಿಕೃತ ಭಂಡಾರದಲ್ಲಿಯೇ ಇರುವುದರಿಂದ ಕನ್ನಡ ಬಳಕೆದಾರರಿಗೆ ಇಲ್ಲಿ ತೊಡಕು ಕಡಿಮೆ. ಆಪಲ್ ಸಂಸ್ಥೆಯ ಮ್ಯಾಕ್ ವ್ಯವಸ್ಥೆ 2019ರ ಅಕ್ಟೋಬರಿನ ಕ್ಯಾಟಲಿನಾ ಆವೃತ್ತಿಯಲ್ಲಿ 32 ಬಿಟ್ ತಂತ್ರಾಂಶಗಳನ್ನು ಸಂಪೂರ್ಣವಾಗಿ ಕೈಬಿಟ್ಟಿತು.

ಯುನಿಕೋಡಿಗೆ ಪರಿವರ್ತನೆ

ಪ್ರತಿ ಉನ್ನತೀಕರಣದಲ್ಲಿಯೂ ಹಳೆಯ ಫಾಂಟನ್ನು ಹೊತ್ತು ಸಾಗುವ ಬದಲು ಪಠ್ಯವನ್ನೇ ಯುನಿಕೋಡಿಗೆ ಪರಿವರ್ತಿಸಿದರೆ ಅದು ಯಾವ ತಂತ್ರಾಂಶಕ್ಕೂ ಕಟ್ಟುಬೀಳುವುದಿಲ್ಲ. ನುಡಿ ಮತ್ತು ಬರಹದ ಈಚಿನ ಆವೃತ್ತಿಗಳಲ್ಲಿ ಪರಿವರ್ತಕಗಳಿವೆ. ಮುಕ್ತ ತಂತ್ರಾಂಶಗಳೂ ಲಭ್ಯ. ಈ ಕೆಲಸವನ್ನು ಹಳೆಯ ವ್ಯವಸ್ಥೆ ನಡೆಯುತ್ತಿರುವಾಗಲೇ ಮಾಡುವುದು ಅನುಕೂಲ, ಏಕೆಂದರೆ ಪರಿವರ್ತಿತ ಪಠ್ಯವನ್ನು ಮೂಲದೊಡನೆ ಪಕ್ಕಪಕ್ಕದಲ್ಲಿಟ್ಟು ತಾಳೆನೋಡಬಹುದು.

ಪರಿವರ್ತನೆಯಲ್ಲಿ ದೋಷಗಳು ನುಸುಳುವ ಸ್ಥಳಗಳು ಬಹುತೇಕ ಗೊತ್ತಿರುವಂಥವು. ಕಡತದಲ್ಲಿ ಇಂಗ್ಲಿಷ್ ಪದಗಳಿದ್ದರೆ ಫಾಂಟಿನ ಹೆಸರನ್ನು ನೋಡದ ಪರಿವರ್ತಕ ಅವನ್ನೂ ಕನ್ನಡವೆಂದೇ ಬಗೆದು ಅರ್ಥವಿಲ್ಲದ ಅಕ್ಷರಗಳನ್ನು ಮೂಡಿಸುತ್ತದೆ. ಹಳೆಯ ಪದ್ಧತಿಯಲ್ಲಿ ಅರ್ಕಾವತ್ತು ಕಾಣುವ ಕ್ರಮದಲ್ಲಿ, ಅಂದರೆ ವ್ಯಂಜನದ ಬಳಿಕ ಕುಳಿತಿರುತ್ತದೆ. ಯುನಿಕೋಡಿನಲ್ಲಿ ಉಚ್ಚಾರಣೆಯ ಕ್ರಮದಲ್ಲಿ ರೇಫ ಮೊದಲು ಬರಬೇಕು. ಪರಿವರ್ತಕ ಇದನ್ನು ಸರಿಯಾಗಿ ಸ್ಥಳಾಂತರಿಸದಿದ್ದರೆ ‘ಅರ್ಥ’, ‘ಸೂರ್ಯ’ ಮೊದಲಾದ ಪದಗಳು ಕೆಡುತ್ತವೆ. ‘ರ‍್ಯಾಂಕ್’ ಎಂಬಲ್ಲಿ ರಕಾರ ಅರ್ಕಾವತ್ತಾಗದೆ ಪೂರ್ಣವಾಗಿ ನಿಲ್ಲಲು ಕಣ್ಣಿಗೆ ಕಾಣದ ಜೋಡಕ ಸಂಕೇತವೊಂದು ಬೇಕು. ಪರಿವರ್ತನೆಯ ಬಳಿಕ ಹುಡುಕಾಟವೂ ಅಕಾರಾದಿ ವಿಂಗಡಣೆಯೂ ಕನ್ನಡದ ಅಕ್ಷರಗಳ ಮೇಲೆಯೇ ನಡೆಯುತ್ತವೆ. ಮೂಲ ಕಡತವನ್ನೂ ಅದರ ಫಾಂಟನ್ನೂ, ಕರಡು ತಿದ್ದುವ ಕೆಲಸ ಮುಗಿಯುವವರೆಗಾದರೂ, ಒಂದೇ ಕೋಶದಲ್ಲಿ ಜೊತೆಯಾಗಿ ಉಳಿಸಿಕೊಳ್ಳಬೇಕು.